ಬೆನ್ನು ತಿರುಗಿಸಿ ಹೇಳಿದ ಮಾತು

ನಮ್ಮ ಪೀಡಿ ಸಾರ್ ಮುಖಕ್ಕಿಂತ ಅವರ ಕತ್ತಿನ ಹಿಂಭಾಗವೇ ನನಗೆ ಚೆನ್ನಾಗಿ ನೆನಪಿದೆ. ಬಿಸಿಲಿಗೆ ಕಪ್ಪಾದ ಕತ್ತು, ಅದರ ಮೇಲೆ ವಿಷಲ್ ದಾರ ವರ್ಷಗಟ್ಟಲೆ ಕೂತು ಮಾಡಿದ ಬೆಳ್ಳಗಿನ ಗೆರೆ. ಚೆಂಡಿನ ಸದ್ದು ಕೇಳುವಾಗ ಅವರ ಎಡಗಿವಿ ತುಸು ಅಲುಗುತ್ತಿತ್ತು. ನೊಣ ಕೂತಾಗ ಹಸುವಿನ ಕಿವಿ ಅಲುಗುತ್ತದಲ್ಲ, ಅಷ್ಟೇ. ಆದರೂ ಮನುಷ್ಯನ ಕಿವಿ ಹಾಗೆ ಅಲುಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಂಧ್ರ ಗಡಿಯ ಹಿಂದೂಪುರದ ಕಾಲೇಜೊಂದರಲ್ಲಿ ಅವರು ಫಿಸಿಕಲ್ ಡೈರೆಕ್ಟರ್. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮು ಅವರ ಕೈಯಲ್ಲಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಒಳ್ಳೆಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಾರ್ ಮಾತ್ರ ಪ್ರಾಕ್ಟೀಸ್ ಶುರು ಮಾಡುತ್ತಿದ್ದುದು ಆಷಾಢದಲ್ಲೇ, ಗಾಳಿಗೆ ಕಬ್ಬಿಣದ ರಿಂಗು ಕಿರುಗುಟ್ಟುವ ಮಧ್ಯಾಹ್ನ. ಮೊದಲ ದಿನ ಆಟವಿಲ್ಲ. ಒಬ್ಬೊಬ್ಬಳೇ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಚೆಂಡು ಪುಟಿಸಬೇಕು. ಸಾರ್ ನಮಗೆ ಬೆನ್ನು ತಿರುಗಿಸಿ ನಿಂತು ಕೇಳಿಸಿಕೊಂಡು, ಈ ಸೀಸನ್ನಿನಲ್ಲಿ ಅವಳ ಆಟ ಹೇಗಾಗುತ್ತದೆ ಎಂದು ಹೇಳಿಬಿಡುತ್ತಿದ್ದರು. ಹೇಳಿದ್ದು ಹಾಗೇ ಆಗುತ್ತಿತ್ತು.

ಯಾಕೆ ಸಾರ್ ತಿರುಗಿ ನಿಲ್ಲುತ್ತೀರಿ ಎಂದು ಒಮ್ಮೆ ಕೇಳಿದ್ದೆ. “ಮುಖ ನೋಡಿದ್ರೆ ಅಯ್ಯೋ ಅನ್ನಿಸ್ತೈತೆ ಕಣಮ್ಮ. ಆಮೇಲೆ ಬಾಯಾಗೆ ಸುಳ್ಳು ಬತ್ತೈತೆ,” ಎಂದಿದ್ದರು.

ಆ ಮೊದಲ ದಿನಕ್ಕೆ ಹುಡುಗಿಯರು ಇಟ್ಟ ಹೆಸರು ‘ಸಾರ್ ಮಾಟ’. ತೆಲುಗಿನಲ್ಲಿ ಮಾಟ ಎಂದರೆ ಮಾತು, ಅಷ್ಟೆ. ನಾನು ಕುಂದುರ್ಪಿ ಕಡೆಯ ಹಳ್ಳಿಯವಳು, ಮನೆಯಲ್ಲಿ ಕನ್ನಡ. ಫೋನಿನಲ್ಲಿ ಅಜ್ಜಿಗೆ “ನಾಳೆ ನಮ್ ಸಾರ್ ಮಾಟ ಕೊಡ್ತಾರೆ” ಎಂದುಬಿಟ್ಟೆ. ಅಜ್ಜಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಕನ್ನಡದ ನಡುವೆ ಬಂದ ಮಾಟ ಅವಳಿಗೆ ಕನ್ನಡದ ಮಾಟವಾಗಿಯೇ ಕೇಳಿಸಿತು. “ಯಾವನೇ ಅವ್ನು ಮಾಟ ಮಾಡೋನು? ನಿನ್ನ ಕಳ್ಸಿರೋದು ಓದಾಕೆ ಕಣೇ, ಮಾಟ ಮಾಡಿಸ್ಕಣಾಕಲ್ಲ!” ಎಂದು ಕೂಗಾಡಿ, ಕಾಲಿಗೆ ಕಟ್ಟಿಕೊಳ್ಳಲು ಅಪ್ಪನ ಕೈಲಿ ಕರಿದಾರ ಕಳಿಸಿದಳು. ಹಾಸ್ಟೆಲ್ಲಿಗೆಲ್ಲ ನಗು. ನಾನೂ ನಗುತ್ತಲೇ ಕಟ್ಟಿಕೊಂಡೆ ಅನ್ನಿ.

ಆ ವರ್ಷ ಹೇಗಾದರೂ ಮಾಡಿ ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾಗಬೇಕು ಎಂಬ ಹಟ ನನ್ನದು. ಬೇರೇನೂ ಬೇಕಿರಲಿಲ್ಲ. ಬೇಸಿಗೆಯಿಂದ ಬಲಮಂಡಿ ಒಳಗೊಳಗೇ ಲಟಕ್ಕೆನ್ನುತ್ತಿತ್ತು. ಅದು ನನಗೊಬ್ಬಳಿಗೇ ಗೊತ್ತು.

ಮೊದಲು ಕ್ಯಾಪ್ಟನ್ ಅಕ್ಕನ ಸರದಿ. “ಎಲ್ಲಾ ಮ್ಯಾಚೂ ಗೆಲ್ಸ್ತೀಯ ಕಣಮ್ಮ. ಕೊನೇ ಮ್ಯಾಚಿನ ದಿನ ನೀನಿರಲ್ಲ,” ಎಂದರು. ಅಕ್ಕ ನಕ್ಕಳು. ಆಮೇಲೆ ನನ್ನ ರೂಮ್‌ಮೇಟ್, ಬೆಳುಗುಪ್ಪದ ತೆಲುಗು ಮನೆಯವಳು. ಚೆಂಡೆಲ್ಲ ನಿನ್ನ ಕೈಗೇ ಬರುತ್ತದೆ, ಆದರೆ ಫೌಲ್ ಮಾಡಿ ಹೊರಗೆ ಹೋಗುತ್ತೀಯ ಎಂದು ಅವಳಿಗೆ ತೆಲುಗಿನಲ್ಲಿ ಹೇಳಿದರು.

ನಾನು ಗೆರೆಯ ಮೇಲೆ ನಿಂತು ಚೆಂಡು ಪುಟಿಸಿದೆ. ಸಾರ್ ಕಿವಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಮೇಲೆ ರಿಂಗು ಮಾತ್ರ ಕಿರುಗುಟ್ಟುತ್ತಿತ್ತು. ಕೊನೆಗೆ ಒಂದೇ ಪದ ಬಂತು.

“ಆಗು.”

ಏನಾಗು ಎಂದು ಹೇಳಲಿಲ್ಲ. ಹಿಂದಿನ ವರ್ಷ ಅಕ್ಕನಿಗೆ “ಕ್ಯಾಪ್ಟನ್ ಆಗು” ಎಂದಿದ್ದರು, ಆಗಿದ್ದಳು. ನನಗೂ ಅಂಥದೇ ಎಂದು ಹಿಗ್ಗಿಹೋದೆ. ರೂಮ್‌ಮೇಟ್ ಮುಖ ಮಾತ್ರ ಸಪ್ಪಗಾಗಿತ್ತು.

“ನಿಂಗೆ ನಿಲ್ಲು ಅಂದ್ರು ಕಣೇ. ತೆಲುಗ್ನಾಗೆ ಆಗು ಅಂದ್ರೆ ನಿಲ್ಲು.”

“ನಮ್ಮನೆ ಮಾತು ಕನ್ನಡ ಅಂತ ಸಾರ್‌ಗೆ ಗೊತ್ತಿಲ್ವಾ?” ಎಂದೆ.

“ಸಾರ್ ಮನೆ ಮಾತು ಯಾವ್ದಂತ ನಿಂಗೊತ್ತಾ?”

ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅವರು ಕನ್ನಡದಲ್ಲಿ ಹತ್ತಿದ ವಾಕ್ಯದಿಂದ ತೆಲುಗಿನಲ್ಲಿ ಇಳಿಯುತ್ತಿದ್ದರು. ಹೋಗಿ ಕೇಳಬಹುದಿತ್ತು. ನಿಲ್ಲು ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ.

ಸೀಸನ್ ಶುರುವಾಯಿತು. ರೂಮ್‌ಮೇಟ್ ಪ್ರತಿ ಮ್ಯಾಚಿನಲ್ಲೂ ಫೌಲ್ ಮಾಡಿಕೊಂಡು ಬೆಂಚಿಗೆ ಬಂದು ಅಳುತ್ತಾ ಕೂತಳು. ಕ್ಯಾಪ್ಟನ್ ಅಕ್ಕ ಗೆಲ್ಲಿಸಿಕೊಂಡು ಬಂದಳು. ಫೈನಲ್ ದಿನ ಬೆಳಿಗ್ಗೆ ನೋಡಿದರೆ ಅಕ್ಕನಿಗೆ ಮೈತುಂಬ ಅಮ್ಮ ಎದ್ದಿತ್ತು, ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಅವತ್ತು ನಮಗ್ಯಾರಿಗೂ ನಗು ಬರಲಿಲ್ಲ.

ಫೈನಲ್ ನಮ್ಮ ಕೋರ್ಟಿನಲ್ಲೇ. ಯೂನಿವರ್ಸಿಟಿ ಟೀಮು ಆರಿಸುವವರು ಬಂದು ಕೂತಿದ್ದರು. ಕೈಗೆ ಚೆಂಡು ಸಿಕ್ಕಿದ್ದೇ ರಿಂಗಿನ ಕಡೆ ನುಗ್ಗಿದೆ. ಆಗ ನನ್ನ ಚೆಂಡಿನ ಸದ್ದಿನ ಹಿಂದೆಯೇ ಇನ್ನೊಂದು ಸದ್ದು ಕೇಳಿಸಿತು. ಯಾರೋ ನನ್ನ ಬೆನ್ನಿಗೇ ಇನ್ನೊಂದು ಚೆಂಡು ಪುಟಿಸಿಕೊಂಡು ಬರುತ್ತಿರುವ ಹಾಗೆ. ಬೆಂಚಿನ ಕಡೆ ಕಣ್ಣು ಹೋಯಿತು. ಇಡೀ ಮೈದಾನ ನನ್ನನ್ನು ನೋಡುತ್ತಿತ್ತು. ಸಾರ್ ಒಬ್ಬರು ಬೆನ್ನು ತಿರುಗಿಸಿ ನಿಂತಿದ್ದರು. ಕತ್ತಿನ ಬಿಳಿ ಗೆರೆ ಅಷ್ಟು ದೂರಕ್ಕೂ ಕಂಡಿತು. ಮರುಹೆಜ್ಜೆಗೆ ಮಂಡಿ ಹೋಯಿತು.

ಆಸ್ಪತ್ರೆಗೆ ಎಳನೀರು ಹಿಡಿದು ಬಂದ ಸಾರ್, “ಕೇಳ್ಬೇಕಾಗಿತ್ತು ಕಣಮ್ಮ ನೀನು,” ಎಂದರು. ಮಾತು ಕೇಳಬೇಕಿತ್ತು ಎಂದೋ, ಅರ್ಥ ಕೇಳಬೇಕಿತ್ತು ಎಂದೋ. ಅದನ್ನೂ ನಾನು ಕೇಳಲಿಲ್ಲ. ನನ್ನ ಆಟ ಅಲ್ಲಿಗೆ ಮುಗಿದಿತ್ತು. ಊರುಗೋಲಿನಲ್ಲಿ ಕೋರ್ಟಿಗೆ ಹೋದ ದಿನ ಸಾರ್ ತಮ್ಮ ಕತ್ತಿನ ವಿಷಲ್ ತೆಗೆದು ನನಗೆ ಹಾಕಿದರು. “ಊದು. ನಿಂಗೂ ಕೇಳಿಸ್ತಲ್ಲ ಅವತ್ತು,” ಎಂದರು. ನನಗೆ ಕೇಳಿಸಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೆದರಿಕೆಯಾಯಿತು, ಕೆಟ್ಟ ಸಿಟ್ಟೂ ಬಂತು. ಆದರೂ ಡಿಗ್ರಿ ಮುಗಿಯುವವರೆಗೆ ಅವರ ಪಕ್ಕದಲ್ಲಿ ಕೋರ್ಟಿಗೆ ಬೆನ್ನು ಮಾಡಿ ಕೂತೆ. ಅಲ್ಲಿ ಕಲಿತದ್ದೇ ಇವತ್ತು ಅನ್ನ ಹಾಕುತ್ತಿದೆ. ಕಲ್ಯಾಣದುರ್ಗದ ಕಾಲೇಜೊಂದರಲ್ಲಿ ನಾನೀಗ ಪೀಡಿ. ಸಾರ್ ಹೇಳಿದ ಪದ ಎರಡು ಭಾಷೆಯಲ್ಲೂ ನಿಜವಾಯಿತು.

ಹೋದ ವರ್ಷ ಲಕ್ವ ಹೊಡೆದು ಸಾರ್ ಮಾತು ನಿಂತಿದೆ ಎಂದು ತಿಳಿದು ಹಿಂದೂಪುರಕ್ಕೆ ಹೋದೆ. ಮಾತು ಪೂರ್ತಿ ಹೋಗಿರಲಿಲ್ಲ. ಒಂದೇ ಒಂದು ಪದ ಉಳಿದಿತ್ತು. ನೀರಿಗೂ ಅದೇ, ನೋವಿಗೂ ಅದೇ.

“ಆಗು ಅಂತಾರೆ, ನಿಂತ್ಕಂತೀನಿ. ಯಾಕೆ ಅಂದ್ರೆ ಹೇಳಾಕೆ ಬರಲ್ಲ,” ಎಂದರು ಅವರ ಹೆಂಡತಿ. “ದಿನವೆಲ್ಲ ಹಿಂಗೇ ನಿಂತ್ಕಂಡಿರ್ತೀನಿ ಕಣಮ್ಮ.” ಕಾಫಿ ತರಲು ಹೊರಟವರು ಒಳಗಿನಿಂದ ಆ ಪದ ಕೇಳಿ ಅಡುಗೆಮನೆ ಹೊಸ್ತಿಲಲ್ಲಿ ಗಕ್ಕನೆ ನಿಂತರು. ಸ್ವಲ್ಪ ಹೊತ್ತಿಗೆ ಮತ್ತೆ ನಡೆದರು.

ನಾನು ಹಾಸಿಗೆಯ ಪಕ್ಕ ಕೂತು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ. “ಸಾರ್, ಅವತ್ತು ನಂಗೆ ಹೇಳಿದ್ದು ಕನ್ನಡದಾಗಾ, ತೆಲುಗ್ನಾಗಾ?”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಕಷ್ಟಪಟ್ಟು ಗೋಡೆಯ ಕಡೆ ಹೊರಳಿದರು. ಕತ್ತಿನ ಗೆರೆ ಹಾಗೇ ಇತ್ತು. ಎಡಗಿವಿ ಅಲುಗಿತು. “ಆಗು,” ಎಂದರು ಗೋಡೆಗೆ. ಆ ವಾರವೇ ಹೋಗಿಬಿಟ್ಟರು.

ಮಾಟ ಕೊಡುವ ಗೋಜಿಗೆ ನಾನು ಯಾವತ್ತೂ ಹೋಗಿಲ್ಲ. ಹುಡುಗಿಯರ ಮುಖ ನೋಡಿಯೇ ಆಟ ಕಲಿಸುತ್ತೇನೆ. ಈ ಆಷಾಢದಲ್ಲಿ ಪ್ರಾಕ್ಟೀಸಿನ ಮೊದಲ ದಿನ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಗೇಟು ಹಾಕಲು ತಿರುಗಿದ್ದೆ. ಹಿಂದೆ ಕಂಬದೂರಿನ ಹೊಸ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತಿದ್ದಳು. ಆ ಸದ್ದಿನ ಬೆನ್ನಿಗೇ ಇನ್ನೊಂದು ಸದ್ದು ಬಂತು. ನನ್ನ ಎಡಗಿವಿಯ ಹತ್ತಿರ ಏನೋ ಅಲುಗಿದ ಹಾಗಾಯಿತು. ನಾನು ಹೇಳಬೇಕೆಂದುಕೊಂಡಿರಲಿಲ್ಲ, ಪದ ತಾನಾಗಿಯೇ ಬಾಯಿಂದ ಬಿತ್ತು.

“ಆಗು.”

ಚೆಂಡು ನಿಂತಿತು.

“ಮೇಡಂ, ಕನ್ನಡದಾಗಾ, ತೆಲುಗ್ನಾಗಾ?” ಎಂದಳು ಹುಡುಗಿ.

ನಾನು ತಿರುಗಿ ಅವಳ ಮುಖ ನೋಡಿದೆ. ಅಯ್ಯೋ ಅನ್ನಿಸಿತು.

“ತೆಲುಗ್ನಾಗೆ ಕಣಮ್ಮ,” ಎಂದೆ. “ಎಲ್ಲಿ, ಮಂಡಿ ತೋರ್ಸು.”