ಹುಲ್ಲು ತುಂಬಿದ ಕರು

ಅಮ್ಮನ ಅಕ್ಕ ಹರಿಣಾಕ್ಷಿ ದೊಡ್ಡಮ್ಮ ದಿನಕ್ಕೆ ಇನ್ನೂರು ಲೋಟ ಕಾಫಿ ಮಾಡುತ್ತಾರೆ, ಒಂದು ಗುಟುಕೂ ಕುಡಿಯುವುದಿಲ್ಲ. ಹದವನ್ನು ಮೂಗಿನಲ್ಲೇ ಹಿಡಿಯುತ್ತಾರೆ. ದೆಹಲಿಯ ಸರೋಜಿನಿ ನಗರದ ಬಟ್ಟೆ ಮಾರುಕಟ್ಟೆಯ ಹಿಂದೆ ಅವರದೂ ರಮಾನಾಥ ದೊಡ್ಡಪ್ಪನದೂ ಪುಟ್ಟ ಹೋಟೆಲು, ಮೇಲೆ ಮನೆ. ದೊಡ್ಡಮ್ಮ ಹಾಲು, ಮೊಸರು, ತುಪ್ಪ ಬಿಟ್ಟು ಎಂಟು ವರ್ಷವಾಯಿತು. ಯಾವುದೋ ಹರಕೆ ಇರಬೇಕೆಂದು ನಾವೆಲ್ಲ ಸುಮ್ಮನಿದ್ದೆವು.

ನಾನು ಗುರುಗ್ರಾಮದ ಆಫೀಸಿನಲ್ಲಿ ದುಡಿಯುವವಳು, ಎರಡು ವರ್ಷದಿಂದ ಹಾಲು-ತುಪ್ಪವನ್ನೂ ಮುಟ್ಟದ ವೀಗನ್. ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುವ ಚಟ ಬೇರೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಶೇಂಗಾ ಹಾಲಿನ ಮೊಸರು ಹಿಡಿದುಕೊಂಡು ದೊಡ್ಡಮ್ಮನ ಮನೆ ಮೆಟ್ಟಿಲು ಹತ್ತಿದೆ.

"ದೊಡ್ಡಮ್ಮ, ನೀವೂ ವೀಗನ್ನೇ. ವೀಗನ್ ತಿಂಡಿಯೂ ಸಿಗ್ತದೆ ಅಂತ ಹೋಟೆಲಿನ ಬೋರ್ಡಲ್ಲಿ ಬರೆಸುವ, ನಮ್ಮ ಆಫೀಸಿನವರೆಲ್ಲ ಬರ್ತಾರೆ."

"ಅದೆಲ್ಲ ಎಂತದೋ ಗೊತ್ತಿಲ್ಲ ರಶ್ಮಿತಾ. ನನಗೆ ಗಂಟಲಲ್ಲಿ ಇಳಿಯುದಿಲ್ಲ, ಅಷ್ಟೇ."

ಯಾಕೆ ಎಂದು ಬಿಡದೆ ಕೇಳಿದೆ. ನನ್ನ ನಾಲಗೆಗೆ ಬುದ್ಧಿ ಕಡಿಮೆ.

ಎಂಟು ವರ್ಷದ ಹಿಂದೆ ಹಾಲಿನ ಭಯ್ಯಾ ಎರಡು ದಿನ ಬರಲಿಲ್ಲವಂತೆ. ದೊಡ್ಡಮ್ಮ ತಾವೇ ಕ್ಯಾನು ಹಿಡಿದು ಆಟೋದಲ್ಲಿ ಯಮುನೆಯಾಚೆಯ ಅವನ ಕೊಟ್ಟಿಗೆಗೆ ಹೋದರು. ಅವನು ಎಮ್ಮೆಯ ಹಾಲು ಕರೆಯುತ್ತಿದ್ದ, ಎಮ್ಮೆ ಕರುವನ್ನು ನೆಕ್ಕುತ್ತಿತ್ತು. ಕರು ಅಲ್ಲಾಡಲೇ ಇಲ್ಲ. ಹತ್ತಿರ ಹೋದರೆ ಕಣ್ಣಿನ ಜಾಗದಲ್ಲಿ ಹೊಲಿಗೆ, ಹೊಟ್ಟೆಯ ಸೀಳಿನಲ್ಲಿ ಒಣಹುಲ್ಲು. ಕರು ಸತ್ತರೆ ಎಮ್ಮೆ ಹಾಲು ಬಿಡುವುದಿಲ್ಲ, ಅದಕ್ಕೇ ಚರ್ಮಕ್ಕೆ ಹುಲ್ಲು ತುಂಬಿ ಎದುರು ನಿಲ್ಲಿಸುವುದು ಎಂದು ಭಯ್ಯಾ ಹವಾಮಾನದ ಮಾತಾಡಿದಷ್ಟು ಸಲೀಸಾಗಿ ಹೇಳಿದ.

"ಆ ನೆಕ್ಕುವ ಸದ್ದು ಉಂಟಲ್ಲ, ಅದು ಹೋಗುದೇ ಇಲ್ಲ. ಕೆಳಗೆ ಹಾಲು ಕಾಯಿಸುವಾಗಲೆಲ್ಲ ಕೇಳ್ತದೆ," ಎಂದರು ದೊಡ್ಡಮ್ಮ. ಆಮೇಲೆ ನನ್ನ ಮುಖವನ್ನೇ ನೋಡಿ ಕೇಳಿದರು, "ನೀನು ಇದನ್ನೆಲ್ಲ ಓದಿದವಳು. ಕರು ಸತ್ತದ್ದು ಆ ಎಮ್ಮೆಗೆ ಗೊತ್ತಿತ್ತಾ?"

ಎಂಟು ವರ್ಷದಿಂದ ಯಾರನ್ನೂ ಕೇಳದೆ ಒಳಗಿಟ್ಟುಕೊಂಡ ಪ್ರಶ್ನೆ. ನನಗೆ ಭಯವಾಯಿತು. ಉತ್ತರ ಗೊತ್ತಿಲ್ಲದಿದ್ದರೂ ಸಮಾಧಾನಕ್ಕೆಂದು ಹೇಳಿಬಿಟ್ಟೆ: "ಇಲ್ಲ ದೊಡ್ಡಮ್ಮ. ವಾಸನೆ ಇದ್ದರೆ ಸಾಕು, ಬದುಕಿದೆ ಅಂತಲೇ ನಂಬ್ತದೆ."

ಅವರು ಎದ್ದು ಕಪಾಟಿನಲ್ಲಿ ಸೀರೆಗಳ ಅಡಿಯಿಂದ ಏನನ್ನೋ ತೆಗೆದು ತಂದರು. ನೀಲಿ ಉಣ್ಣೆಯ ಟೋಪಿ, ಅಂಗೈಯಷ್ಟೂ ಇರಲಿಲ್ಲ. ಅವರ ಮಗು ಹುಟ್ಟಿದ ಆರನೇ ದಿನಕ್ಕೆ ತೀರಿಕೊಂಡಿತೆಂದು ಅಮ್ಮ ಹೇಳಿದ್ದು ನೆನಪಾಯಿತು. ನಾನು ಹುಟ್ಟುವ ಮೊದಲಿನ ಮಾತು.

"ಒಗೆಯಲೇ ಇಲ್ಲ ಇದನ್ನು," ಎಂದರು. "ಅವನು ಹೋದ ಮೇಲೂ ಮೂಸಿದರೆ ಎದೆಯಲ್ಲಿ ಹಾಲು ಬರ್ತಿತ್ತು."

ಟೋಪಿಯನ್ನು ಮೂಗಿಗೊತ್ತಿ ಕಣ್ಣು ಮುಚ್ಚಿ ಕೂತರು. ನಾನು ತಂದ ಮೊಸರಿನ ಡಬ್ಬಿ ನಮ್ಮಿಬ್ಬರ ನಡುವೆ ಹಾಗೆಯೇ ಇತ್ತು.

"ಅದಕ್ಕೆ ಗೊತ್ತಿತ್ತು ಮಗಾ," ಎಂದರು ಟೋಪಿಯನ್ನು ಮಡಿಲಿಗಿಳಿಸಿ. "ಗೊತ್ತಿದ್ದೇ ನೆಕ್ಕುತ್ತಿತ್ತು."