ಅವ್ವನ ಮೊಳ

ನನ್ನ ಕೈ ಸ್ವಲ್ಪ ಉದ್ದ. ಇದೊಂದು ದೋಷವೆಂದು ನನಗೆ ಗೊತ್ತಾದದ್ದು ಬಳ್ಳಾರಿಯಲ್ಲಿ ಮನೆ ಕಟ್ಟಿಸಲು ಹೊರಟಾಗ.

ಯುದ್ಧ ಮುಗಿದ ಮೇಲೆ, ಕಂಟೋನ್ಮೆಂಟಿನ ಬಾಡಿಗೆ ಕೋಣೆ ಇನ್ನು ಸಾಕೆನಿಸಿ, ಪೇಟೆಯೊಳಗೆ ಜಾಗ ಕೊಂಡಿದ್ದೆ. ಜಾಗ ಎನ್ನುವುದಕ್ಕಿಂತ ಸಂದು ಎನ್ನಬೇಕು. ಎಡಕ್ಕೆ ಒಬ್ಬರ ಗೋಡೆ, ಬಲಕ್ಕೆ ಇನ್ನೊಬ್ಬರದು, ನಡುವೆ ನಾನು. ನಾನೇ ಬರೆದ ನಕ್ಷೆಯಲ್ಲಿ ಮಾತ್ರ ಪಡಸಾಲೆ, ಅಡಿಗೆಮನೆ, ಬಾಣಂತಿ ಕೋಣೆ ಎಲ್ಲ ಹಾಯಾಗಿ ಹಿಡಿಸಿದ್ದವು. ಬಾಣಂತಿ ಕೋಣೆಯೇ ಮುಖ್ಯ. ಹೆಂಡತಿ ಪಾರ್ವತಿಗೆ ಆಗ ಮೂರು ತಿಂಗಳು, ತವರಿನಲ್ಲಿ ತಾಯಿಯಿಲ್ಲ. ಬಾಣಂತನಕ್ಕೆ ನಮ್ಮೂರು ಕರೂರಿನಲ್ಲಿ ಅಣ್ಣನ ಜೊತೆಗಿದ್ದ ನನ್ನ ಅವ್ವನೇ ಬರಬೇಕು.

ಪಾಯ ತೋಡುವ ದಿನ ಅವ್ವ ಬಂದಳು. ಕುರುಗೋಡಿನ ಈರಣ್ಣ ಮೇಸ್ತ್ರಿ ನನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ದಾರ ಹಿಡಿದ. ಯಜಮಾನನ ಮೊಳದಿಂದಲೇ ಮನೆ ಅಳೆಯುವುದು ಪದ್ಧತಿ. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವುದೇ ಆ ಮನೆಯ ಆಯ. ಮೂರುಳಿದರೆ ಸಿಂಹ, ಏಳುಳಿದರೆ ಆನೆ. ಬೆಸ ಬಂದರೆ ಒಳ್ಳೆಯದು. ಸರಿ ಬಂದರೆ ನಾಯಿ, ಕಾಗೆ ಇತ್ಯಾದಿ. ಭಾಗಾಕಾರದ ಕೊನೆಯಲ್ಲಿ ಇಷ್ಟು ಪ್ರಾಣಿಗಳನ್ನು ಕಟ್ಟಿಹಾಕಿದ್ದಾರೆಂದು ಶಾಲೆಯಲ್ಲಿ ಹೇಳಿದ್ದರೆ ನಾನು ಲೆಕ್ಕದಲ್ಲಿ ಅಷ್ಟು ಪೆಟ್ಟು ತಿನ್ನುತ್ತಿರಲಿಲ್ಲ. ನನ್ನ ಮೊಳದಲ್ಲಿ ಅಗಲ ಹತ್ತು, ಉದ್ದ ಇಪ್ಪತ್ಮೂರು. ಉಳಿದದ್ದು ಆರು. ಆರೆಂದರೆ ಕತ್ತೆ.

"ಅಗಲ ಹತ್ತು ಇರೋತನ ಬೆಸ ಬರಂಗಿಲ್ರಿ. ಒಂದು ಮೊಳ ಬಿಟ್ಬಿಡ್ರಿ," ಎಂದ ಮೇಸ್ತ್ರಿ. ಬಿಟ್ಟರೆ ಕೋಣೆಯಲ್ಲಿ ಬಾಣಂತಿಯ ಮಂಚ ಹಿಡಿಯುತ್ತಿತ್ತು, ಬಾಣಂತನ ಮಾಡುವವಳು ಹಿಡಿಯುತ್ತಿರಲಿಲ್ಲ. ಕತ್ತೆಯೂ ಪಾಪ ಒಂದು ಜೀವವೇ ಅಲ್ಲವೇ ಎಂದು ನಾನು ವೇದಾಂತ ಹೇಳಿದೆ.

ಅವ್ವ ಎದ್ದು ನಿಂತಳು. "ಲೇ, ಕತ್ತಿ ಆಯದ ಮನ್ಯಾಗ ನಾ ಕಾಲಿಡಂಗಿಲ್ಲ. ನೀ ಬೇಕಾದ್ರ ಇರು, ನಿನಗ ಹೊಂದ್ತೈತಿ."

ಪಾರ್ವತಿಯ ಕಣ್ಣು ತುಂಬಿತು. ನನಗೂ ನಿಜವಾಗಿ ಹೆದರಿಕೆಯಾಯಿತು. ಅವ್ವ ಬಾರದಿದ್ದರೆ ಈ ಹುಡುಗಿಯ ಗತಿಯೇನು?

ಮೇಸ್ತ್ರಿ ದಾರ ಸುತ್ತುತ್ತ ಕೇಳಿದ: "ಅಲ್ರೀ, ನಿಮ್ಮ ಮನ್ಯಾಗ ಯಾರ ಮಾತು ನಡೀತೈತ್ರಿ?"

ಪಾರ್ವತಿ ಅವ್ವನ ಕಡೆ ನೋಡಿದಳು. ನಾನೂ ನೋಡಿದೆ.

"ಹಂಗಾರ ಅವ್ರೇ ಯಜಮಾನ್ರು! ಯವ್ವಾ, ಕೈ ಚಾಚ್ರಿ."

ಅವ್ವ ಸೆರಗು ಸರಿಸಿ, ಬಹಳ ಗಂಭೀರವಾಗಿ ಕೈ ಚಾಚಿದಳು. ಅವಳ ಗಿಡ್ಡ ಮೊಳದಲ್ಲಿ ಅಗಲ ಹನ್ನೊಂದಾಯಿತು. ಹಿಂದಿನ ಗೋಡೆಯ ಗುರುತನ್ನು ಅರ್ಧ ಗೇಣು ಒಳಕ್ಕೆ ತಂದದ್ದಕ್ಕೆ ಉದ್ದ ಸರಿಯಾಗಿ ಇಪ್ಪತ್ತೈದು. ಉಳಿದದ್ದು ಮೂರು. ಸಿಂಹ! ನಾನು ಬಿಟ್ಟ ಉಸಿರು ಎರಡೂ ಪಕ್ಕದ ಮನೆಯವರಿಗೆ ಕೇಳಿಸಿರಬೇಕು. ಯಜಮಾನಿಕೆ ಕೈಬಿಟ್ಟುಹೋಯಿತಲ್ಲ ಎಂಬ ದುಃಖ ಒಂದಿಷ್ಟೂ ಆಗಲಿಲ್ಲ. ಅಂದಿನಿಂದ ಒಲೆ ಎಲ್ಲಿ, ಗೂಡು ಎಲ್ಲಿ ಎಂದು ಮೇಸ್ತ್ರಿ ಅವ್ವನನ್ನೇ ಕೇಳಿದ. ನನ್ನ ನಕ್ಷೆ ಬಳ್ಳಾರಿಯ ಸೆಕೆಗೆ ಬೀಸಣಿಗೆಯಾಯಿತು.

ಆ ಕೋಣೆಯಲ್ಲೇ ಮಗಳು ಹುಟ್ಟಿದಳು. ಒಂದು ಬೆಳಿಗ್ಗೆ, ಕಾಲು ಚಾಚಲೂ ಜಾಗವಿಲ್ಲವೆಂದು ಗೊಣಗುತ್ತ ಒಳಗೆ ಹೋಗಿ ಕೂತವನ ತೊಡೆಯ ಮೇಲೆ ಅವ್ವ ಆಗ ತಾನೇ ನೀರೆರೆದ ಕೂಸನ್ನು ಇಟ್ಟಳು. ಅದರ ಮೊಳ ನನ್ನ ಅರ್ಧ ಗೇಣಿನಷ್ಟಿತ್ತು. ಮನಸ್ಸಿನಲ್ಲೇ ಆ ಮೊಳದಿಂದ ಗೋಡೆಯಿಂದ ಗೋಡೆಗೆ ಅಳೆದು ನೋಡಿದೆ. ನಾನು ಕಟ್ಟಿಸಿದ್ದು ಅರಮನೆ.