ಕಾಸಿದ ಹಾಲಿನ ಸ್ಮಶಾನ

ಮೊನ್ನೆ ಸಂಜೆ ಆಫೀಸಿನಿಂದ ಬಂದು ಒಳಗೆ ಕಾಲಿಟ್ಟರೆ ಮನೆ ತುಂಬ ಹಾಲು ಕಾಯುವ ವಾಸನೆ. ಇದರಲ್ಲೇನು ವಿಶೇಷ ಅಂತ ನಿಮಗನ್ನಿಸಬಹುದು. ಆದರೆ ಟೆಕ್ಸಸ್‌ನ ಫ್ಲೂಗರ್‌ವಿಲ್‌ನ ನಮ್ಮ ಮನೆಯಲ್ಲಿ ಹಾಲು ಕಾಯಿಸುವ ಪದ್ಧತಿ ನಿಂತು ಎಷ್ಟೋ ಕಾಲವಾಯಿತು. ಇಲ್ಲಿ ಹಾಲು ದೊಡ್ಡ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ, ಫ್ರಿಜ್ಜಿನಲ್ಲಿ ಕೂರುತ್ತದೆ, ನೇರವಾಗಿ ಲೋಟಕ್ಕೆ ಇಳಿಯುತ್ತದೆ. ಕಾಫಿಗೆ ಬೇಕಾದರೆ ಮೈಕ್ರೋವೇವ್ ಇದ್ದೇ ಇದೆ. ಮೈಸೂರಿನಲ್ಲಿ ಹುಟ್ಟಿದವನು ಈ ಮಾತನ್ನು ಬರೆಯುವಾಗ ಹಿಂದೆ ಯಾರಾದರೂ ನಿಂತಿದ್ದಾರೇನೋ ಅಂತ ಒಮ್ಮೆ ತಿರುಗಿ ನೋಡಬೇಕಾಗುತ್ತದೆ, ನೋಡಿಕೊಂಡೇ ಬರೆದಿದ್ದೇನೆ.

ಅಡುಗೆಮನೆಯಲ್ಲಿ ಹನ್ನೆರಡು ವರ್ಷದ ನನ್ನ ಮಗಳು ಇಳಾ, ಕೈಯಲ್ಲಿ ಸೌಟು ಹಿಡಿದು ಪಾತ್ರೆಯನ್ನೇ ನೋಡುತ್ತ ನಿಂತಿದ್ದಳು.

"ಏನೇ ಇದು?"

"ಪುಡ್ಡಿಂಗ್‌ಗೆ, ಅಪ್ಪ. ಟುಮಾರೋ ಈಸ್ ಹ್ಯಾಲೋವೀನ್."

"ಅಯ್ಯೋ, ಪುಡ್ಡಿಂಗ್‌ಗೆ ಹಾಲು ಕಾಯಿಸಬಾರದು ಕಣೇ! ಮರೆತೇಬಿಟ್ಯಾ?" ಎಂದು ನಾನು ಕೈಚೀಲವನ್ನೂ ಕೆಳಗಿಡದೆ ಒಲೆಯ ಕಡೆ ಓಡಿದೆ.

"ಐ ನೋ," ಎಂದು ಅವಳು ನನ್ನ ಕೈಗೆ ಸಿಗದಂತೆ ಒಲೆಗೆ ಅಡ್ಡ ನಿಂತು ನಕ್ಕಳು. ಆ ನಗು ಅವಳದಲ್ಲ, ಅವಳಜ್ಜನದು. ಆ ಅಜ್ಜನ ಕಥೆ ಹೇಳದೆ ನನ್ನ ಗಾಬರಿ ನಿಮಗೆ ಅರ್ಥವಾಗುವುದಿಲ್ಲ, ಆದ್ದರಿಂದ ಹೀಗೆ ಬನ್ನಿ, ಕೂತುಕೊಳ್ಳಿ.

ನಾವು ಆಗ ಡಾಲಸ್ ಪಕ್ಕದ ಕಾಪೆಲ್‌ನಲ್ಲಿದ್ದೆವು. ಇಳಾಗೆ ಏಳು ವರ್ಷ. ಅಕ್ಟೋಬರ್ ಕೊನೆಯ ಈ ದೆವ್ವಗಳ ಹಬ್ಬಕ್ಕೆ ಅಲ್ಲಿನ ಮನೆಗಳ ಮುಂದೆ ಅಸ್ಥಿಪಂಜರಗಳು ಜೋಲಾಡುತ್ತವೆ, ಹುಲ್ಲಿನ ಮೇಲೆ ಸಮಾಧಿಗಳು ಏಳುತ್ತವೆ. ನಮ್ಮ ಬೀದಿಯಲ್ಲಿ ಒಂದೊಂದು ಮನೆಯವರೂ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ಮೇಜು ಹಾಕಿ, ವೇಷ ಹಾಕಿದ ಮಕ್ಕಳಿಗೆಲ್ಲ ತಿಂಡಿ ಕೊಡುತ್ತಿದ್ದರು. ತಿಂಡಿ ಅಂದರೆ ಬಹುಮಟ್ಟಿಗೆ ಮೆತ್ತಗೆ ಎಳೆದರೆ ಹಿಗ್ಗುವ ಬಣ್ಣದ ಮಿಠಾಯಿ ಹುಳ, ಕಣ್ಣುಗುಡ್ಡೆ, ಬಿಳಿಯ ಮಾರ್ಷ್‌ಮೆಲೋ ಭೂತ. ಅದರಲ್ಲೆಲ್ಲ ಜೆಲಟಿನ್, ಅಂದರೆ ದನದ್ದೋ ಹಂದಿಯದ್ದೋ ಮೂಳೆಯ ಸಾರ. ನಮ್ಮದು ಶುದ್ಧ ಸಸ್ಯಾಹಾರದ ಮನೆ. ಅದರ ಹಿಂದಿನ ವರ್ಷ ಇಳಾ ಪ್ರತಿ ಮೇಜಿನ ಮುಂದೂ ನಿಂತು "ಡಸ್ ದಿಸ್ ಹ್ಯಾವ್ ಜೆಲಟಿನ್?" ಎಂದು ಕೇಳಿ, ಕೇಳಿ, ಕೊನೆಗೆ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಒಂದು ಬಾಳೆಹಣ್ಣು ತಿಂದಿದ್ದಳು. ರಾಜಕುಮಾರಿಯ ವೇಷದಲ್ಲಿ, ಕಿರೀಟ ಹಾಕಿಕೊಂಡು, ಬಾಳೆಹಣ್ಣು.

ಆ ವರ್ಷ ಮತ್ತೆ ಹಾಗಾಗಕೂಡದು ಎಂದು ಅವಳೇ ಒಂದು ದಾರಿ ಹುಡುಕಿದಳು. ಶಾಲೆಯಲ್ಲಿ ಯಾರೋ ತಂದಿದ್ದರಂತೆ, ಸ್ಮಶಾನದ ಪುಡ್ಡಿಂಗ್. ಪಾರದರ್ಶಕ ಲೋಟಗಳಲ್ಲಿ ಚಾಕೊಲೇಟ್ ಪುಡ್ಡಿಂಗ್, ಅದರ ಮೇಲೆ ಕಪ್ಪು ಬಿಸ್ಕತ್ತಿನ ಪುಡಿಯ ಮಣ್ಣು, ಮಣ್ಣಿನಲ್ಲಿ ನೆಟ್ಟ ಬಿಸ್ಕತ್ತಿನ ಗೋರಿಕಲ್ಲು, ಪಕ್ಕದಿಂದ ಇಣುಕುವ ಹುಳ. ಹುಳವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮಗೆ ನಡೆಯುತ್ತದೆ. ಒಲೆ ಬೇಡ, ಓವನ್ ಬೇಡ. ಡಬ್ಬಿಯ ಪುಡಿಗೆ ತಣ್ಣನೆಯ ಹಾಲು ಹಾಕಿ ಕಲಸಿದರೆ ಐದು ನಿಮಿಷದಲ್ಲಿ ಗಟ್ಟಿ. "ನಮ್ಮ ಮನೆಯ ಮೇಜಿನ ಮೇಲೆ ಸ್ಮಶಾನ ಇರುತ್ತೆ, ಅದನ್ನ ನಾನೂ ತಿಂತೀನಿ" ಎಂದು ಬೀದಿಯ ಮಕ್ಕಳಿಗೆಲ್ಲ ಇಳಾ ಮುಂಚೆಯೇ ಇಂಗ್ಲಿಷಿನಲ್ಲಿ ಸಾರಿಕೊಂಡು ಬಂದಿದ್ದಳು.

ಆದರೆ ಅದೇ ಹೊತ್ತಿಗೆ ಹ್ಯೂಸ್ಟನ್‌ನಲ್ಲಿದ್ದ ನಮ್ಮತ್ತೆಯ ತಂಗಿಗೆ, ಮೌಶಿಗೆ, ಮಂಡಿ ಆಪರೇಷನ್ ಆಯಿತು. ನನ್ನ ಹೆಂಡತಿ, ಊರಿನಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಹೊರಡುವಾಗ, "ನಾಳೆ ರಾತ್ರಿ ಊಟಕ್ಕೆ ಬರ್ತೀವಿ. ಪುಡ್ಡಿಂಗ್ ಏನ್ ಮಹಾ, ಒಲಿ ಹಚ್ಚೂದ ಬ್ಯಾಡ, ನೀವೂ ಮಾಡಬಹುದು" ಅಂದಳು. ಆ 'ನೀವೂ' ನನಗೆ ಇನ್ನೂ ನೆನಪಿದೆ. ಮನೆಯಲ್ಲಿ ಉಳಿದವರು ನಾನು, ಇಳಾ ಮತ್ತು ಹುಬ್ಬಳ್ಳಿಯಿಂದ ಬಂದಿದ್ದ ನಮ್ಮ ಮಾವ.

ಮಾವನ ಬಗ್ಗೆ ಎರಡು ಮಾತು. ಹುಬ್ಬಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟು ಒಂದು ಜನ್ಮ ಕಳೆದವರು. "ಗಿರಾಕಿ ಸುಳ್ಳ ಹೇಳಾಕತ್ತಾನಂತ ಗೊತ್ತಾದ್ರೂ ಮಾರಿ ಮ್ಯಾಲ ತೋರಿಸಬಾರ್ದ್ರಿ. ಸೀರಿ ಮಡಚಬೇಕು, ನಗಬೇಕು, ಚಾ ತರಸಬೇಕು" ಎನ್ನುವುದು ಅವರ ವ್ಯಾಪಾರಧರ್ಮ. ನನ್ನನ್ನು ಕರೆಯುವುದು 'ಅಳಿಯಂದ್ರ' ಎಂದು. ಮದುವೆಯಾಗಿ ಅಷ್ಟು ವರ್ಷವಾದರೂ ನಮ್ಮಿಬ್ಬರ ನಡುವಿನ ಮರ್ಯಾದೆ ಒಂದಿಂಚೂ ಸವೆದಿರಲಿಲ್ಲ. ನಾನು ಹಾಲ್‌ಗೆ ಬಂದರೆ ಅವರು "ಬರ್ರಿ ಬರ್ರಿ" ಎಂದು ಎದ್ದು ನಿಲ್ಲುತ್ತಿದ್ದರು. ಅವರು ನಿಂತಿದ್ದಾರಲ್ಲ ಎಂದು ನಾನು ಕೂರುತ್ತಿರಲಿಲ್ಲ. ಹೀಗೆ ನಾವಿಬ್ಬರೂ ಒಂದಿಡೀ ಕ್ರಿಕೆಟ್ ಪಂದ್ಯವನ್ನು ಸೋಫಾದ ಪಕ್ಕದಲ್ಲಿ ನಿಂತೇ ನೋಡಿದ್ದುಂಟು.

ಹ್ಯಾಲೋವೀನ್ ದಿನ ಮಧ್ಯಾಹ್ನ ನಾನು ಡಬ್ಬಿ, ಲೋಟ, ಬಿಸ್ಕತ್ತು ಎಲ್ಲ ಹರಡಿಕೊಂಡು ಕೂತೆ. ಮಾವ ಬಾಗಿಲಲ್ಲಿ ನಿಂತರು. ನಾನು ಎದ್ದೆ.

"ಏನ್ ಮಾಡಾಕತ್ತೀರಿ, ಅಳಿಯಂದ್ರ?"

"ಸ್ಮಶಾನ, ಮಾವ. ಮಕ್ಕಳು ತಿನ್ನೋದಕ್ಕೆ."

ನಾನು ವಿವರಿಸಿದೆ. ಬಿಸ್ಕತ್ತಿನ ಗೋರಿಕಲ್ಲು ತೋರಿಸಿ, ಇದರ ಮೇಲೆ ಸಕ್ಕರೆ ಪೇಸ್ಟಿನಲ್ಲಿ ಹೆಸರು ಬರೆಯುತ್ತಾರೆ ಎಂದೆ. "ಸತ್ತವರ್ದು ಬರೀರಿ. ಇದ್ದವರ್ದು ಬ್ಯಾಡ" ಎಂದಷ್ಟೇ ಹೇಳಿ ಕುರ್ಚಿ ಎಳೆದುಕೊಂಡರು. ನಾನು ಹಾಲಿನ ಕ್ಯಾನು ಎತ್ತಿದೆ.

"ಕಾಸೀರೇನ್ರಿ?"

"ಇದಕ್ಕೆ ಕಾಯಿಸೋ ಹಾಗಿಲ್ಲ ಮಾವ. ತಣ್ಣಗಿರೋ ಹಾಲೇ ಹಾಕಬೇಕು."

"ಹಸಿ ಹಾಲು? ಓಣಿ ಹುಡುಗ್ರಿಗೆಲ್ಲ ಹಸಿ ಹಾಲು ಕೊಡ್ತೀರಿ? ಒಂದ್ ಕೂಸಿಗೆ ಹೊಟ್ಟಿ ಕೆಟ್ರ ಯಾರ ಜವಾಬ್ದಾರ್ರಿ?"

"ಇಲ್ಲಿ ಫ್ಯಾಕ್ಟರಿಯಲ್ಲೇ ಕಾಯಿಸಿರ್ತಾರೆ ಮಾವ."

"ಅವ್ರು ಕಾಸಿದ್ದು ಅವ್ರ ಸಮಾಧಾನಕ್ಕ. ನಾವು ಕಾಸೂದು ನಮ್ಮ ಸಮಾಧಾನಕ್ಕ" ಎಂದು ಮಾವ ಎದ್ದು, ದೊಡ್ಡ ಪಾತ್ರೆ ತಾವೇ ಹುಡುಕಿ, ಒಲೆ ಹಚ್ಚಿದರು.

ಡಬ್ಬಿಯ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು, ತಣ್ಣನೆಯ ಹಾಲು ಎಂದು. ಅದನ್ನು ನಾನು ಓದಿದ್ದೆ. ಆಫೀಸಿನಲ್ಲಿ ನನ್ನ ಬಾಸಿನ ಕೋಡ್ ತಪ್ಪಿದ್ದರೆ ತಪ್ಪು ಎಂದು ಎಲ್ಲರೆದುರು ಹೇಳುವವನು ನಾನು. ಆದರೆ ಮಾವನಿಗೆ ಎದುರು ಮಾತಾಡುವುದೆ? ಹಾಲು ಉಕ್ಕಿ ಬಂತು. ಮಾವ ಅದನ್ನು ಒಮ್ಮೆ ಇಳಿಸಿ, ಮತ್ತೊಮ್ಮೆ ಉಕ್ಕಿಸಿ, ಬಿಸಿಬಿಸಿಯಾಗಿ ನನ್ನ ಮುಂದೆ ತಂದಿಟ್ಟು "ಹಾಕ್ರಿ" ಎಂದರು. ನಾನು ಹಾಕಿದೆ.

ಐದು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಲೋಟಗಳಲ್ಲಿ ಚಾಕೊಲೇಟ್ ಪಾಯಸ ತೆಳ್ಳಗೆ ಓಲಾಡುತ್ತಿತ್ತು. ಗೋರಿಕಲ್ಲು ನೆಟ್ಟರೆ ಬುಳುಕ್ ಎಂದು ಮುಳುಗಿತು. ಇನ್ನೊಂದು ನೆಟ್ಟೆ, ಅದೂ ಹೋಯಿತು. ಫ್ರಿಜ್ಜಿನಲ್ಲಿಟ್ಟೆ, ಪ್ರಯೋಜನವಾಗಲಿಲ್ಲ. ಮನೆಯಲ್ಲಿ ಇನ್ನೊಂದು ಡಬ್ಬಿ ಇರಲಿಲ್ಲ, ಅಂಗಡಿಗೆ ಫೋನ್ ಮಾಡಿದರೆ ಖಾಲಿ ಎಂದರು. ಅಷ್ಟರಲ್ಲಿ ಮಾಟಗಾತಿಯ ವೇಷದಲ್ಲಿ ಇಳಾ ಕೆಳಗಿಳಿದು ಬಂದಳು. ಒಂದು ಲೋಟ ಎತ್ತಿ ಅಲ್ಲಾಡಿಸಿದಳು.

"ಅಪ್ಪ, ದಿಸ್ ಈಸ್ ಸೂಪ್."

ನಾನು ಮಾವನ ಕಡೆ ನೋಡಿದೆ, ಮಾವ ಒಲೆಯ ಕಡೆ ನೋಡಿದರು.

"ಐ ಟೋಲ್ಡ್ ಎವ್ರಿವನ್," ಎಂದಳು. ಅಷ್ಟೇ. ಕಪ್ಪು ಟೋಪಿಯ ಕೆಳಗೆ ಕಣ್ಣು ತುಂಬಿಕೊಂಡವು, ಬಣ್ಣ ಹಚ್ಚಿದ ಕೆನ್ನೆ ಕದಡುತ್ತದೆಂದು ತಲೆ ಮೇಲೆತ್ತಿ ನಿಂತಳು. ಮತ್ತೆ ಬಾಳೆಹಣ್ಣು, ಎಂದುಕೊಂಡೆ ನಾನು.

ಮಾವ ಖಾಲಿ ಡಬ್ಬಿಯನ್ನು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು, ಸೀರೆಯ ಅಂಚು ನೋಡುವವರಂತೆ ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ.

"ಮಾಲು ಹಳೇದೈತ್ರಿ," ಎಂದರು.

"ಹೌದು ಮಾವ, ಹಳೇದು," ಎಂದೆ ನಾನು.

ಆಮೇಲೆ ಅವರು ಮೊಮ್ಮಗಳ ಕಡೆ ತಿರುಗಿದರು. "ಅಳಬ್ಯಾಡವ್ವ. ಕೆಸರಾತಲ್ಲ, ಮಣ್ಣು ಹಾಕಿದ್ರ ಮುಗೀತು." ಸೀದಾ ಹೋಗಿ ಕಪಾಟಿನ ಮೇಲಿಂದ ಒಂದು ಡಬ್ಬಿ ಇಳಿಸಿದರು. ಧಾರವಾಡ ಪೇಢೆ. ಮೌಶಿಗೆಂದು ಹುಬ್ಬಳ್ಳಿಯಿಂದ ಬಂದದ್ದು. ಹ್ಯೂಸ್ಟನ್‌ಗೆ ಒಯ್ಯಲು ಮರೆತು ಹೋಗಿ, ಅರ್ಧ ದಾರಿಯಿಂದ ನನ್ನ ಹೆಂಡತಿ ಫೋನ್ ಮಾಡಿ, "ಯಾರೂ ಮುಟ್ಟಬ್ಯಾಡ್ರಿ ಮತ್ತ" ಎಂದು ತಾಕೀತು ಮಾಡಿದ್ದಳು.

"ಮಾವ, ಅದು ಮೌಶಿಗೆ..."

"ಮೌಶಿ ಮಂಡಿಗೆ ಸಕ್ರಿ ಚಲೋ ಅಲ್ರಿ," ಎಂದು ಮಾವ ಮುಚ್ಚಳ ತೆಗೆದೇಬಿಟ್ಟರು.

ಪೇಢೆಯನ್ನು ನೀವು ಕೈಯಲ್ಲಿ ಪುಡಿ ಮಾಡಿ ನೋಡಿದ್ದೀರೋ ಇಲ್ಲವೋ. ಕಂದು ಬಣ್ಣ, ಮರಳು ಮರಳು, ಅಪ್ಪಟ ಎರಡು ಮಳೆ ಕಂಡ ಮಣ್ಣು. ಆ ಪುಡಿಯನ್ನೂ ಬಿಸ್ಕತ್ತಿನ ಪುಡಿಯನ್ನೂ ಪಾಯಸಕ್ಕೆ ಸುರಿದು ಕಲಸಿದರೆ ಅದು ನೋಡನೋಡುತ್ತ ಗಟ್ಟಿಯಾಯಿತು. "ಇದೂ ಹಾಲ ನೋಡ್ರಿ. ಎಲ್ಲಾಕಿಂತ ಹೆಚ್ಚ ಕಾಸಿದ್ದು," ಎಂದು ಮಾವ ಗೆದ್ದವರಂತೆ ನನ್ನ ಕಡೆ ನೋಡಿದರು. ಈಗ ಅವರಿಗೆ ಹುರುಪು ಬಂದಿತ್ತು. ಹುಳ ಎಲ್ಲಿ ಎಂದರು. ಹುಳದಲ್ಲಿ ಮೂಳೆ ಇದೆ ಎಂದೆ. "ಹುಳದಾಗ ಎಲುಬು! ಎಂಥಾ ದೇಶಾರಿ ಇದು," ಎಂದು, ಹುಬ್ಬಳ್ಳಿಯ ಉದ್ದನೆ ಶಾವಿಗೆಯನ್ನು ಬೀಟ್‌ರೂಟ್ ನೀರಿನಲ್ಲಿ ಬೇಯಿಸಿ, ಸಕ್ಕರೆ ಹಚ್ಚಿ, ಒಂದೊಂದು ಲೋಟದಿಂದಲೂ ನಾಲ್ಕಾರು ಕೆಂಪು ಎಳೆ ಹೊರಬಂದು ತೆವಳುವ ಹಾಗೆ ತಾವೇ ಜೋಡಿಸಿದರು. ನೋಡಿ ನನಗೇ ಅಸಹ್ಯವಾಯಿತು. ಇಳಾ "ಈವ್!" ಎಂದು ಚೀರಿ, ಅಜ್ಜನ ಸೊಂಟ ತಬ್ಬಿಕೊಂಡಳು. ಗೋರಿಕಲ್ಲುಗಳು ಈ ಸಲ ಅಲುಗಾಡದೆ ನಿಂತವು.

ಸಂಜೆ ಮೇಜಿನ ಮುಂದೆ ಡೈನೋಸಾರ್, ಗಗನಯಾತ್ರಿ, ಎರಡು ಜೇನುಹುಳ ಬಂದು ನಿಂತವು. ಮೊದಲ ಲೋಟ ಎತ್ತಿದವಳು ಇಳಾ. ಯಾರನ್ನೂ ಏನೂ ಕೇಳಲಿಲ್ಲ. ಚಮಚೆ ಊರಿ, ಒಂದು ಉದ್ದನೆ ಹುಳ ಎಳೆದು, ಎಲ್ಲರೂ ನೋಡುವ ಹಾಗೆ ಮುಖ ಮೇಲೆತ್ತಿ ಸುರ್ರ್ ಎಂದು ಬಾಯೊಳಗೆ ಎಳೆದುಕೊಂಡಳು. ಆಮೇಲೆ ನಡೆದದ್ದು ಲೂಟಿ. ನಾನು ಬಿಸ್ಕತ್ತಿನ ಡಬ್ಬಿ ಹುಡುಕುವ ನೆಪದಲ್ಲಿ ಗರಾಜಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿಂದ ಮಕ್ಕಳಿಗೆ ಹುಳ ಮಾಡಿದ ಅಜ್ಜನ ಅಡುಗೆಮನೆ ನೋಡುವ ಆಸೆಯಾಗಿ ಮನೆಯ ಕಡೆ ನುಗ್ಗಿದರು. ಮಾವ ಬಾಗಿಲಿಗೆ ಅಡ್ಡ ಕೈ ಇಟ್ಟರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಹೇಳವ್ವ ಇವ್ರಿಗೆ. ಸ್ಮಶಾನದಿಂದ ಬಂದವ್ರು ಕಾಲ ತೊಳಕೊಂಡ ಒಳಗ ಬರಬೇಕು. ಇಲ್ಲಾಂದ್ರ ದೆವ್ವ ಹಿಂದ ಬರತಾವ."

ಇಳಾ ಅದನ್ನು ಇನ್ನಷ್ಟು ಉಪ್ಪುಖಾರ ಹಚ್ಚಿ ಇಂಗ್ಲಿಷಿನಲ್ಲಿ ಸಾರಿದಳು. ಆಮೇಲೆ ಟೆಕ್ಸಸ್‌ನ ಅಷ್ಟೂ ಮಕ್ಕಳು ಶೂ ಕಿತ್ತೆಸೆದು, ಹುಲ್ಲಿಗೆ ನೀರು ಬಿಡುವ ಪೈಪಿನ ಮುಂದೆ ಸಾಲು ನಿಂತರು. ಮಾವ ಪೈಪ್ ಹಿಡಿದು, ಒಬ್ಬೊಬ್ಬರ ಹಿಮ್ಮಡಿಯನ್ನೂ ತಪಾಸಣೆ ಮಾಡಿ, "ಹಿಂದ ತೊಯ್ದಿಲ್ಲ, ಮತ್ತ ಹಾಕು" ಎಂದು ವಾಪಸ್ ಕಳಿಸುತ್ತಿದ್ದರು. ಡೈನೋಸಾರಿನ ಬಾಲ ನೆನೆದು ನೆಲಕ್ಕೆ ಬಿತ್ತು. ಎದುರು ಮನೆಯ ಕ್ಯಾರಲ್ ಗಾಬರಿಯಿಂದ ಓಡಿ ಬಂದಳು, ವಿಷಯ ಕೇಳಿದಳು, ತಾನೂ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತಳು. "ಕಾಲು ಒರೆಸಿಕೊಂಡು ಒಳಗೆ ಬನ್ನಿ ಅಂತ ಬಡಕೊಂಡು ನನಗೆ ಸಾಕಾಗಿತ್ತು. ದೆವ್ವ ಬರುತ್ತೆ ಅಂದಿದ್ರೆ ಸಾಕಿತ್ತು ನೋಡು," ಎಂದು ನನಗೆ ಹೇಳಿದಳು. ಹ್ಯೂಸ್ಟನ್‌ನಿಂದ ಬಂದ ಅತ್ತೆ ಮತ್ತು ನನ್ನ ಹೆಂಡತಿ ಕಾರಿಳಿದಾಗ ಕಂಡದ್ದು ಇದು. ಪೇಢೆಯ ಡಬ್ಬಿಯ ವಿಚಾರಣೆ ಆಮೇಲೆ ನಡೆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲಿಂದೀಚೆಗೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಸ್ಮಶಾನವಾಗುತ್ತದೆ. ಪ್ರತಿ ವರ್ಷ ಆ ದಿನ ಬೆಳಿಗ್ಗೆ, ಅಂದರೆ ಹುಬ್ಬಳ್ಳಿಯ ಸಂಜೆ, ಮಾವನ ಫೋನ್ ಬರುತ್ತದೆ. "ಅಳಿಯಂದ್ರ, ಹಾಲು ಕಾಸೀರೇನ್ರಿ?" "ಕಾಯಿಸಿದೀನಿ ಮಾವ," ಎನ್ನುತ್ತೇನೆ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತಣ್ಣನೆಯ ಕ್ಯಾನು. "ಚಲೋ ಆತ್ರಿ," ಎನ್ನುತ್ತಾರೆ. ಸಂಜೆ ನಾನು ಪುಡ್ಡಿಂಗಿನ ಫೋಟೋ ಕಳಿಸುತ್ತೇನೆ. ಯಾರಿಗೂ ನೋವಿಲ್ಲದ ಸಣ್ಣ ಸುಳ್ಳು, ಎಂಥ ಚಾಣಾಕ್ಷ ಅಳಿಯ ನಾನು ಎಂದು ಬೀಗಿದ್ದೂ ಉಂಟು.

ಮೊನ್ನೆ ಇಳಾ ಕಾಯಿಸಿದ ಹಾಲನ್ನು ಆರಲು ಬಿಟ್ಟು, ಮುಚ್ಚಿ, ಫ್ರಿಜ್ಜಿನಲ್ಲಿಟ್ಟಳು. ಮರುದಿನ ಬೆಳಿಗ್ಗೆ ತೆಗೆದರೆ ಮಂಜಿನಂತೆ ತಣ್ಣಗಿತ್ತು. ಪುಡಿಗೆ ಸುರಿದಳು, ಕಲಸಿದಳು, ಐದು ನಿಮಿಷಕ್ಕೆ ಗಟ್ಟಿ. ಕಾಯಿಸಿದ್ದೂ ಆಯಿತು, ತಣ್ಣಗಾದದ್ದೂ ಆಯಿತು. ಇಷ್ಟು ಸುಲಭದ ಮಾತು, ಎಂಜಿನಿಯರಾದ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. "ಯಾಕೆ ಇಷ್ಟು ಕಷ್ಟಪಟ್ಟೆ?" ಎಂದೆ. "ಬಿಕಾಸ್ ಅಜ್ಜ ವಿಲ್ ಆಸ್ಕ್," ಎಂದಳು.

ಅಷ್ಟರಲ್ಲಿ ಫೋನ್ ಬಂತು. ಅವಳೇ ಎತ್ತಿದಳು. ಅಜ್ಜ ಕೇಳಿದರು. ನಮ್ಮ ಹತ್ತಿರ ಒಂದು ವಾಕ್ಯ ಪೂರ್ತಿ ಕನ್ನಡದಲ್ಲಿ ಆಡದ ಹುಡುಗಿ, "ಕಾಸೀನಿ ಅಜ್ಜಾ. ನಿನ್ನೇನ ಕಾಸಿ ಇಟ್ಟೀನಿ" ಎಂದಳು. ಆಮೇಲೆ "ಅಪ್ಪಗ ಕೊಡು ಅಂದ್ರು" ಎಂದು ಫೋನನ್ನು ನನ್ನ ಕೈಗಿಟ್ಟಳು.

"ಅಳಿಯಂದ್ರ," ಎಂದರು ಮಾವ, ಬಹಳ ಮರ್ಯಾದೆಯಿಂದ. "ಅಂತೂ ಈ ವರ್ಷ ಖರೇನ ಕಾಸೀರಿ."

ಫೋನಿನಲ್ಲೇ ಆದರೂ ನಾನು ಕುರ್ಚಿಯಿಂದ ಎದ್ದು ನಿಂತೆ. "ಮಾವ, ಅಂದ್ರೆ... ನಿಮಗೆ..."

"ಪ್ರತಿ ವರ್ಷ ಫೋಟೋ ಕಳಸ್ತೀರಲ್ರಿ. ಗೋರಿಕಲ್ಲು ನೆಟ್ಟಗ ನಿಂತಿರತಾವ. ಕಾಸಿದ ಹಾಲು ಹಾಕಿದ್ರ ಏನಾಕ್ಕೈತಿ ಅನ್ನೂದು ನಾವಿಬ್ರೂ ಕೂಡೇ ನೋಡೀವಲ್ಲ?" ಫೋನಿನ ಆ ಕಡೆ ಯಾವುದೋ ಬಟ್ಟೆಯನ್ನು ಪಟಪಟ ಕೊಡವಿ ಮಡಚುವ ಸದ್ದು ಕೇಳಿಸಿತು. "ಇರ್ಲಿ ಬಿಡ್ರಿ. ಕೂತ್ಗೋರಿ, ಚಾ ಕುಡೀರಿ."